ಫೈಲು ತಲುಪಿದರೆ ಸಾಲದು, ಕಿವಿಗೂ ಕೇಳಿಸಬೇಕು

ಕಚೇರಿಯ ಎರಡು ಕಂಪ್ಯೂಟರ್ ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಫೈಲು ಕೊಡೋದು ಸುಲಭ. ಒಂದು ಫೋಲ್ಡರನ್ನು 'ಶೇರ್' ಮಾಡಿದರಾಯಿತು. ಇಲ್ಲವಾದರೆ ಪೆನ್‌ಡ್ರೈವ್ ಇದೆ. ಆದರೆ ಆ ಕಡೆ ಕೂತವರಿಗೆ ಕಣ್ಣು ಕಾಣದಿದ್ದರೆ?

ಅಂಧರು ಪರದೆ ಓದುವ ತಂತ್ರಾಂಶ ಬಳಸುತ್ತಾರೆ. ವಿಂಡೋಸ್‌ನಲ್ಲಿ ನಡೆಯುವ ಎನ್‌ವಿಡಿಎ ಅಂಥದ್ದೊಂದು. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು, ಅವರೂ ಅಂಧರೇ. ಇದು ಉಚಿತ, ಕನ್ನಡವನ್ನೂ ಓದುತ್ತದೆ. ಇನ್ಸರ್ಟ್ ಕೀಲಿ ಹಿಡಿದು ಕೆಳಬಾಣ ಒತ್ತಿದರೆ ಓದುತ್ತಾ ಹೋಗುತ್ತದೆ, ಕಂಟ್ರೋಲ್ ಒತ್ತಿದರೆ ನಿಲ್ಲುತ್ತದೆ.

ತೊಡಕಿರುವುದು ನಾವು ಕೊಡುವ ಫೈಲಿನಲ್ಲಿ. ಮೂರು ವಿಷಯ ನೆನಪಿಡಿ:

1. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ತಂತ್ರಾಂಶ ಅವನ್ನೇ ಓದುತ್ತದೆ. ಕೇಳುವವರಿಗೆ ಒಂದು ಪದವೂ ತಿಳಿಯದು. ಹಳೆಯ ಫೈಲುಗಳನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಬಹುದು.

2. ಸ್ಕ್ಯಾನ್ ಮಾಡಿದ ಕಾಗದ ಬರೀ ಚಿತ್ರ. ಟೈಪ್ ಮಾಡಿದ ಮೂಲ ಫೈಲನ್ನೇ ಕೊಡಿ.

3. ಫೈಲಿಗೆ 'ಹೊಸದು 1' ಅನ್ನಬೇಡಿ. 'ಪಿಂಚಣಿ ಅರ್ಜಿ' ಎಂದು ಹೆಸರಿಟ್ಟರೆ ತೆರೆಯುವ ಮೊದಲೇ ಗೊತ್ತಾಗುತ್ತದೆ.

ಇದು ಸಣ್ಣ ಮಾತಲ್ಲ. ತನ್ನ ಪಿಂಚಣಿ ಪತ್ರ, ಬ್ಯಾಂಕಿನ ಲೆಕ್ಕವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದವರಿಗೆ ಗುಟ್ಟೆಂಬುದೇ ಉಳಿಯೋದಿಲ್ಲ. ಎಟುಕುವ ರೂಪದಲ್ಲಿ ಮಾಹಿತಿ ಪಡೆಯುವುದನ್ನು ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯೂ ಮಾನ್ಯ ಮಾಡಿದೆ.

ಅಭ್ಯಾಸ: ನೀವೇ ಟೈಪ್ ಮಾಡಿದ ಒಂದು ಫೈಲು ತೆರೆಯಿರಿ. ಕಣ್ಣು ಮುಚ್ಚಿ ಎನ್‌ವಿಡಿಎಯಿಂದ ಓದಿಸಿ ಕೇಳಿ. ನಿಮಗೆ ಅರ್ಥವಾದರೆ ಮಾತ್ರ ಕಳಿಸಿ.