ತೋಟದ ಹಣ್ಣಿನ ಶಿರಾ: ಮಾಡುವ ಕ್ರಮ ಮತ್ತು ಅದರ ಕಾರಣ



ಅಡಿಕೆ ಮತ್ತು ಕಾಫಿಯ ಲೆಕ್ಕವನ್ನು ನಾವೆಲ್ಲ ಕಿಲೋಗಟ್ಟಲೆ ಬರೆದಿಡುತ್ತೇವೆ. ಆದರೆ ಅದೇ ತೋಟದ ಬಾಳೆ, ಬೇಲಿಯಂಚಿನ ಅನಾನಸು, ಮನೆಯ ಹಿಂದಿನ ಮಾವು ಇವುಗಳ ಲೆಕ್ಕ ಯಾವ ಖಾತೆಯಲ್ಲಿಯೂ ಸೇರುವುದಿಲ್ಲ. ಬಾಳೆಗೊನೆ ಒಮ್ಮೆಲೇ ಹಣ್ಣಾಗುತ್ತದೆ. ನಾಲ್ಕೈದು ಅನಾನಸು ಒಂದೇ ವಾರ ಕೊಯ್ಲಿಗೆ ಬರುತ್ತವೆ. ಇಷ್ಟು ಸ್ವಲ್ಪ ಮಾಲಿಗಾಗಿ ಪೇಟೆಗೆ ಹೋದರೆ ಬಾಡಿಗೆ ಖರ್ಚೂ ಹುಟ್ಟುವುದಿಲ್ಲ. ಹೀಗೆ ಹಣ್ಣು ಅಂಗಳದಲ್ಲಿ ಕೊಳೆಯುತ್ತಿರುವಾಗಲೇ, ನೆಂಟರು ಬಂದರೆಂದು ಪೇಟೆಯಿಂದ ಸಿಹಿ ತರಿಸುವುದನ್ನು ನಾವು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಆದುದರಿಂದ ಈ ಸಂಚಿಕೆಯಲ್ಲಿ ಗೊಬ್ಬರ, ಔಷಧಿಗಳ ವಿಷಯವನ್ನು ಬದಿಗಿಟ್ಟು, ಮನೆಯಲ್ಲಿಯೇ ಹಣ್ಣಿನ ಶಿರಾ ಮಾಡುವ ಕ್ರಮವನ್ನು ವಿವರಿಸಲು ಬಯಸುತ್ತೇವೆ.

ನಮ್ಮ ಕಡೆ ಶಿರಾ ಎನ್ನುವುದನ್ನೇ ಬೆಂಗಳೂರು, ಮೈಸೂರಿನ ಕಡೆ ಕೇಸರಿಬಾತು ಎನ್ನುತ್ತಾರೆ. ರವೆಗೆ ಹಣ್ಣು ಸೇರಿಸುವುದು ಹೋಟೆಲಿನವರು ಕಲಿಸಿದ ವಿದ್ಯೆಯೇನೂ ಅಲ್ಲ. ಸತ್ಯನಾರಾಯಣ ಪೂಜೆಯ ಪ್ರಸಾದವಾದ ಸಪಾದ ಎಲ್ಲರಿಗೂ ಗೊತ್ತಿರುವಂಥದು. ಸಪಾದವೆಂದರೆ ಪಾದಸಹಿತ, ಅಂದರೆ ಒಂದೂಕಾಲು. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಪ್ರತಿಯೊಂದನ್ನೂ ಒಂದೂಕಾಲು ಅಳತೆ ತೆಗೆದುಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಅನಾನಸು ದಕ್ಷಿಣ ಅಮೆರಿಕದ ಹಣ್ಣು. ಪೋರ್ತುಗೀಜರ ಮೂಲಕ 16ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದುದು. ಗೋವೆಯ ನೆರೆಯವರಾದ ನಮಗೆ ಅದು ಈಗ ಪರಕೀಯವಲ್ಲ.

ಮೊದಲು ತಿಳಿಯಬೇಕಾದ ನಾಲ್ಕು ಮಾತು

1. ರವೆಯನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಹುರಿಯಬೇಕು. ಕಾಫಿ ಬೆಳೆಯುವ ನಮಗೆ ಹುರಿಯುವ ಹದವನ್ನು ಹೆಚ್ಚು ಹೇಳಬೇಕಾಗಿಲ್ಲ. ಪರಿಮಳ ಬರಬೇಕು, ಬಣ್ಣ ಕೆಂಪಾಗಬಾರದು. ತುಪ್ಪವು ಪ್ರತಿ ಕಾಳನ್ನೂ ಆವರಿಸುವುದರಿಂದ, ನೀರು ಹೊಯ್ದಾಗ ಕಾಳುಗಳು ಒಂದಕ್ಕೊಂದು ಅಂಟಿ ಗಂಟಾಗುವುದು ತಪ್ಪುತ್ತದೆ.

2. ಸಕ್ಕರೆಯನ್ನು ರವೆ ಬೆಂದ ಮೇಲೆಯೇ ಹಾಕಬೇಕು. ರವೆಯಲ್ಲಿರುವ ಪಿಷ್ಟವು ಬಿಸಿನೀರು ಕುಡಿದು ಉಬ್ಬಿದರೆ ಮಾತ್ರ ಮೆತ್ತಗಾಗುತ್ತದೆ. ಸಕ್ಕರೆಯೂ ನೀರನ್ನು ಹಿಡಿದಿಟ್ಟುಕೊಳ್ಳುವ ವಸ್ತು. ಅದು ಮೊದಲೇ ಬಿದ್ದರೆ ಪಿಷ್ಟಕ್ಕೆ ನೀರು ಸಾಲದು. ಕಾಳಿನ ನಡುವೆ ಗಟ್ಟಿ ಉಳಿಯುತ್ತದೆ. ಒಂದು ಕಾಳನ್ನು ಬೆರಳುಗಳ ನಡುವೆ ಒತ್ತಿ ನೋಡಿ. ಒಳಗೆ ಬಿಳಿ ಚುಕ್ಕೆ ಇಲ್ಲದಿದ್ದರೆ ಸಕ್ಕರೆ ಹಾಕಲು ಅಡ್ಡಿಯಿಲ್ಲ.

3. ಹಣ್ಣಿನಲ್ಲಿಯೂ ನೀರಿದೆ ಎಂಬುದನ್ನು ಮರೆಯಬಾರದು. ಬಾಳೆಹಣ್ಣಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಮಾವು, ಅನಾನಸುಗಳಲ್ಲಿ ನೂರಕ್ಕೆ 80ಕ್ಕೂ ಮೇಲೆ. ಆದ್ದರಿಂದ ಬರಿಯ ಶಿರಾಕ್ಕೆ ಒಂದು ಲೋಟ ರವೆಗೆ ಮೂರು ಲೋಟ ನೀರು ಹಾಕುವವರು, ಹಣ್ಣಿನ ಶಿರಾಕ್ಕೆ ಎರಡಕ್ಕೇ ನಿಲ್ಲಿಸಬೇಕು.

4. ಹುಳಿ ಹಣ್ಣಿಗೂ ಹಾಲಿಗೂ ಸ್ನೇಹವಿಲ್ಲ. ಅನಾನಸಿನ ಹುಳಿಯಿಂದ ಹಾಲು ಒಡೆಯುತ್ತದೆ. ಅದಲ್ಲದೆ ಹಸಿ ಅನಾನಸಿನಲ್ಲಿ ಬ್ರೊಮಿಲೇನ್ ಎಂಬ ಕಿಣ್ವವಿದ್ದು, ಅದು ಹಾಲಿನ ಸಸಾರಜನಕವನ್ನು ಮುರಿದು ಕಹಿ ತರುತ್ತದೆ. ಹಣ್ಣನ್ನು ಚೆನ್ನಾಗಿ ಕುದಿಸಿದರೆ ಕಿಣ್ವ ನಾಶವಾಗುತ್ತದೆ, ಹುಳಿ ಮಾತ್ರ ಉಳಿಯುತ್ತದೆ. ಆದ್ದರಿಂದ ಅನಾನಸಿಗೆ ನೀರು ಮಾತ್ರ.

ಅನಾನಸಿನ ಶಿರಾ

ಆರು ಜನರಿಗೆ ಬೇಕಾಗುವುದು: ಸಣ್ಣ ರವೆ 1 ಲೋಟ, ಸಣ್ಣಗೆ ಹೆಚ್ಚಿದ ಅನಾನಸು 1 ಲೋಟ, ಸಕ್ಕರೆ 1 ಲೋಟ, ತುಪ್ಪ ಮುಕ್ಕಾಲು ಲೋಟ, ನೀರು ಎರಡೂಕಾಲು ಲೋಟ, ಗೇರುಬೀಜ, ಒಣದ್ರಾಕ್ಷಿ, ಎರಡು ಏಲಕ್ಕಿ, ಚಿಟಿಕೆ ಉಪ್ಪು.

ಹಣ್ಣಿನ ಕಣ್ಣು ಮತ್ತು ನಡುವಿನ ದಿಂಡನ್ನು ತೆಗೆದು ಹೆಚ್ಚಿ, ಕಾಲು ಲೋಟ ನೀರು ಮತ್ತು ಕಾಲು ಲೋಟ ಸಕ್ಕರೆಯೊಡನೆ 10 ನಿಮಿಷ ಕುದಿಸಿ ಇಡಿ. ಹೋಳುಗಳು ಪಾಕವನ್ನು ಹೀರಿ ಹೊಳಪಾಗುತ್ತವೆ. ಬಾಣಲೆಯಲ್ಲಿ ಅರ್ಧ ತುಪ್ಪ ಕಾಯಿಸಿ ಗೇರುಬೀಜ, ದ್ರಾಕ್ಷಿ ಹುರಿದು ತೆಗೆಯಿರಿ. ಅದೇ ತುಪ್ಪದಲ್ಲಿ ರವೆ ಹುರಿಯಿರಿ. ಉಳಿದ ಎರಡು ಲೋಟ ನೀರು ಪಕ್ಕದ ಒಲೆಯಲ್ಲಿ ಕುದಿಯುತ್ತಿರಲಿ, ತಣ್ಣೀರು ಹೊಯ್ಯಬಾರದು. ಒಂದು ಕೈಯಲ್ಲಿ ನೀರು ಹೊಯ್ಯುತ್ತ ಇನ್ನೊಂದು ಕೈಯಲ್ಲಿ ಸಟ್ಟುಗದಿಂದ ತಿರುವಿ, ಉಪ್ಪು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 4 ನಿಮಿಷ ಬಿಡಿ. ಕಾಳು ಬೆಂದುದನ್ನು ನೋಡಿ ಉಳಿದ ಸಕ್ಕರೆ ಸೇರಿಸಿ. ಆಗ ಶಿರಾ ತೆಳ್ಳಗಾಗುತ್ತದೆ. ಸಕ್ಕರೆ ಕರಗಿದ್ದರಿಂದ ಹಾಗಾಗುವುದು ಸಹಜ. ಈಗ ಹಣ್ಣನ್ನು ಪಾಕಸಹಿತ ಹಾಕಿ, ಉಳಿದ ತುಪ್ಪವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ, ಬಾಣಲೆಯ ಅಂಚು ಬಿಡುವವರೆಗೆ ತಿರುವಿ. ಕೊನೆಗೆ ಏಲಕ್ಕಿ, ಗೇರುಬೀಜ, ದ್ರಾಕ್ಷಿ.

ಬಣ್ಣ, ಎಸೆನ್ಸುಗಳ ಅಗತ್ಯವಿಲ್ಲ. ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದ್ದು ಎಲ್ಲರಿಗೂ ನೆನಪಿರಬಹುದು. ಹಣ್ಣು ಕಡಿಮೆ ಹಾಕಿದಲ್ಲಿಯೇ ಬಣ್ಣದ ಪುಡಿ ಬೇಕಾಗುವುದು. ತೋಟದಲ್ಲಿ ಹಣ್ಣಿರುವವರಿಗೆ ಆ ದಾರಿ ಏಕೆ?

ಇಶಾಡ ಮಾವಿನ ಶಿರಾ

ಅಂಕೋಲೆಯ ಕರಿ ಇಶಾಡಕ್ಕೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಬಿಳಿ ಇಶಾಡದ ಸಿಪ್ಪೆ ದಪ್ಪ, ರಸ ಮತ್ತು ಸಿಹಿ ಕಡಿಮೆ. ಕರಿ ಇಶಾಡದ ಸಿಪ್ಪೆ ತೆಳು, ತಿರುಳು ಹೆಚ್ಚು. ತೆಳು ಸಿಪ್ಪೆಯ ಹಣ್ಣು ದೂರದ ಪ್ರಯಾಣ ತಾಳದು. ಹಾಗಾಗಿ ಅದನ್ನು ಇಲ್ಲಿಯೇ ತಿನ್ನಬೇಕು, ಇಲ್ಲವೇ ರಸ ತೆಗೆದಿಡಬೇಕು.

ಮೇಲಿನ ಕ್ರಮದಲ್ಲಿಯೇ ಒಂದು ಲೋಟ ರವೆಯನ್ನು ಎರಡು ಲೋಟ ನೀರಿನಲ್ಲಿ, ಅಥವಾ ಅರ್ಧ ನೀರು ಅರ್ಧ ಹಾಲಿನಲ್ಲಿ ಬೇಯಿಸಿ. ಸಕ್ಕರೆ ಅರ್ಧ ಲೋಟ ಸಾಕು; ಹಣ್ಣು ಹುಳಿಯೆನಿಸಿದರೆ ಮುಕ್ಕಾಲು ಲೋಟ ಹಾಕಿ, ಹಾಲನ್ನು ಬಿಟ್ಟುಬಿಡಿ. ಸಕ್ಕರೆ ಕರಗಿದ ಮೇಲೆ ಒಂದು ಲೋಟ ಇಶಾಡದ ರಸ ಸೇರಿಸಿ ಮೂರು ನಾಲ್ಕು ನಿಮಿಷ ಮಾತ್ರ ತಿರುವಿ ಇಳಿಸಿ. ಅನಾನಸಿನಂತೆ ಇದನ್ನು ಬಹಳ ಹೊತ್ತು ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಏಲಕ್ಕಿಯನ್ನೂ ಇಲ್ಲಿ ಹಾಕದಿರುವುದೇ ಲೇಸು.

ಬಾಳೆಹಣ್ಣಿನದು

ಸಪಾದದಲ್ಲಿ ರವೆಯಷ್ಟೇ ಹಾಲು ಇರುವುದರಿಂದ ಅದು ಉದುರುದುರಾಗಿರುತ್ತದೆ. ಮೆತ್ತಗೆ ಬೇಕೆನ್ನುವವರು ಪೂಜೆಯ ಹೊರತಾದ ದಿನಗಳಲ್ಲಿ ಒಂದು ಲೋಟ ರವೆಗೆ ಎರಡೂಕಾಲು ಲೋಟ ಬಿಸಿ ಹಾಲು ಹಾಕಬಹುದು. ಚೆನ್ನಾಗಿ ಮಾಗಿದ ನಾಲ್ಕೈದು ಪುಟ್ಟಬಾಳೆ ಹಣ್ಣುಗಳನ್ನು ಬಿಲ್ಲೆ ಮಾಡಿದ ಕೂಡಲೇ ಬಿಸಿ ತುಪ್ಪದಲ್ಲಿ ಬಾಡಿಸಿ ತೆಗೆದಿಡಿ. ಕತ್ತರಿಸಿ ಹಾಗೆಯೇ ಇಟ್ಟರೆ ಕಪ್ಪಾಗುತ್ತವೆ. ಕೊನೆಯಲ್ಲಿ ಬೆರೆಸಿದರಾಯಿತು. ಸಕ್ಕರೆಗೆ ಬದಲು ಬೆಲ್ಲ ಹಾಕುವವರು ಹಾಲನ್ನು ಬಿಟ್ಟು ನೀರಿನಲ್ಲಿ ಮಾಡಬೇಕು. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಸಂಭವ ಹೆಚ್ಚು.

ಹಣ್ಣನ್ನು ಮಳೆಗಾಲಕ್ಕೆ ಇಡುವುದು

ರೋಹಿಣಿ ಮಳೆ ಬಿದ್ದಿತೆಂದರೆ ಮರದ ಮೇಲಿನ ಮಾವಿಗೆ ಹುಳದ ಕಾಟ ಹೆಚ್ಚುತ್ತದೆ. ಅದಕ್ಕೆ ಮೊದಲೇ ಕೊಯ್ದು, ಹಣ್ಣಾದಂತೆ ರಸ ತೆಗೆಯಿರಿ. ಶೀತಪೆಟ್ಟಿಗೆಯ ಹಿಮದ ಖಾನೆಯಲ್ಲಿ ಇಡುವುದು ಸುಲಭ. ಆದರೆ ಮಳೆಗಾಲದಲ್ಲಿ ವಿದ್ಯುತ್ತು ಎರಡು ಮೂರು ದಿನ ಇಲ್ಲದಿರುವುದು ನಮ್ಮ ಕಡೆ ಹೊಸತಲ್ಲ. ಅಂಥ ಊರಿನವರು ರಸದಷ್ಟೇ ತೂಕದ ಸಕ್ಕರೆ ಮತ್ತು ಕಿಲೋಗೆ ಒಂದು ಲಿಂಬೆಹಣ್ಣಿನ ರಸ ಸೇರಿಸಿ, ಸಟ್ಟುಗದಿಂದ ಹಾಳೆಯಂತೆ ಬೀಳುವ ಹದಕ್ಕೆ ಕಾಯಿಸಿ, ನೀರಿನಲ್ಲಿ ಕುದಿಸಿ ಒಣಗಿಸಿದ ಗಾಜಿನ ಭರಣಿಗೆ ಬಿಸಿಯಿರುವಾಗಲೇ ತುಂಬಬೇಕು. ಅನಾನಸನ್ನೂ ಹೀಗೆಯೇ ಮಾಡಬಹುದು. ಶಿರಾಕ್ಕೆ ಇದನ್ನು ಬಳಸುವಾಗ ಬೇರೆ ಸಕ್ಕರೆ ಬಹಳ ಕಡಿಮೆ ಸಾಕು. ರುಚಿ ನೋಡಿ ಹಾಕಿ. ಬೂಜು ಕಂಡ ಭರಣಿಯನ್ನು ಪೂರ್ತಿ ಚೆಲ್ಲಬೇಕು, ಮೇಲಿನದನ್ನಷ್ಟೇ ತೆಗೆದು ಬಳಸಬಾರದು. ರವೆಯನ್ನೂ ಮಳೆಗಾಲಕ್ಕೆ ಮುಂಚೆ ಬೆಚ್ಚಗೆ ಹುರಿದು, ಆರಿಸಿ, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಹುಳ ಹಿಡಿಯದು.

ಒಂದು ಬಾಣಲೆ ಶಿರಾದಿಂದ ತೋಟದ ಸಾಲ ತೀರುವುದಿಲ್ಲವೆಂದು ನಾವು ಬಲ್ಲೆವು. ಆದರೆ ಮಾನ್ಯತೆಯ ಪತ್ರ ಇಶಾಡದ ಹೆಸರನ್ನು ಕಾಯಬಲ್ಲದು, ಮರವನ್ನು ಕಾಯಬೇಕಾದವರು ನಾವು. ಮನೆಯಲ್ಲಿ ಹಣ್ಣಿನ ಉಪಯೋಗವೇ ಇಲ್ಲದಾದರೆ, ನೆರಳಿನ ನೆಪಕ್ಕೋ ಸೌದೆಯ ಆಸೆಗೋ ಆ ಹಳೆಯ ಮರ ಕೊಡಲಿಗೆ ಬೀಳಲು ತಡವಾಗದು. ಇಶಾಡದ ರುಚಿ ಹತ್ತಿದ ಮಕ್ಕಳಿರುವ ಮನೆಯಲ್ಲಿ ಮರ ಕಡಿಯಲು ಹೊರಟವನನ್ನು ತಡೆಯುವವರು ಇದ್ದೇ ಇರುತ್ತಾರೆ. ಬರುವ ಹಂಗಾಮಿನಲ್ಲಿ ಪ್ರತಿಯೊಬ್ಬ ಸದಸ್ಯರೂ ಒಂದು ಭರಣಿ ರಸವನ್ನಾದರೂ ತೆಗೆದಿಡಬೇಕು, ಜಾಗವಿದ್ದವರು ಒಂದು ಇಶಾಡದ ಕಸಿ ಗಿಡವನ್ನಾದರೂ ನೆಡಬೇಕು ಎಂದು ವಿನಂತಿಸುತ್ತೇವೆ.

— ಕಾರ್ಯದರ್ಶಿ