ಮೈಲುತುತ್ತು, ಮಣ್ಣು ಮತ್ತು ತಳಿ

ಮಳೆಗಾಲ ಹತ್ತಿರವಾದಂತೆ ನಮ್ಮ ಸದಸ್ಯರು ಮೈಲುತುತ್ತು, ಸುಣ್ಣಗಳ ಏರ್ಪಾಡಿಗೆ ತೊಡಗುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಬಳಕೆಗೆ ತಂದು ನೂರು ವರ್ಷಗಳ ಮೇಲಾಯಿತು. ಅದರಿಂದ ಉಳಿದ ಫಸಲು ಅಷ್ಟಿಷ್ಟಲ್ಲ. ಆದರೆ ಗೊನೆಯಿಂದ ತೊಳೆದು ಕೆಳಗೆ ಬಿದ್ದ ತಾಮ್ರ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ.

ಲೆಕ್ಕ ಹಾಕಿ ನೋಡೋಣ. ಶೇಕಡಾ 1ರ ದ್ರಾವಣದ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು ಬೇಕು. ಅದರಲ್ಲಿ ಸುಮಾರು ಕಾಲು ಭಾಗ ತಾಮ್ರ. ಎಕರೆಗೆ ಒಂದು ಸಲಕ್ಕೆ 400 ಲೀಟರ್ ಹಿಡಿಯಿತೆಂದು ಇಟ್ಟುಕೊಂಡರೆ ಒಂದು ಕಿಲೋ ತಾಮ್ರ. ವರ್ಷಕ್ಕೆ ಎರಡು ಸಲವಾದರೆ ಎರಡು ಕಿಲೋ. 30 ವರ್ಷಕ್ಕೆ 60 ಕಿಲೋ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 8 ಲಕ್ಷ ಕಿಲೋ. ಎಲ್ಲವೂ ಅಲ್ಲೇ ನಿಂತರೆ ಕಿಲೋ ಮಣ್ಣಿಗೆ 75 ಮಿಲಿಗ್ರಾಂ ತಾಮ್ರ ಹೊಸದಾಗಿ ಸೇರಿದಂತಾಯಿತು. ತಾಮ್ರ ಯೂರಿಯಾದಂತೆ ಕರಗಿ ಹರಿದುಹೋಗುವುದಿಲ್ಲ, ಆವಿಯಾಗುವುದೂ ಇಲ್ಲ. ಸ್ವಲ್ಪ ಮಣ್ಣು ಕೊಚ್ಚಿ ಹೋದಾಗ ಅದರೊಡನೆ ಹೋದೀತು. ಬಹುಪಾಲು ಮೇಲ್ಮಣ್ಣಿನಲ್ಲೇ ಕಚ್ಚಿಕೊಂಡಿರುತ್ತದೆ. ಫ್ರಾನ್ಸಿನ ಹಳೆಯ ದ್ರಾಕ್ಷಿ ತೋಟಗಳಲ್ಲಿ ಹೀಗೆಯೇ ಆಗಿದೆ. ಯೂರೋಪು ಒಕ್ಕೂಟ 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿ ಹಾಕಿತು. ಎಂದರೆ ಎಕರೆಗೆ ವರ್ಷಕ್ಕೆ ಒಂದೂವರೆ ಕಿಲೋದಷ್ಟೇ.

ತಾಮ್ರ ಗಿಡಕ್ಕೆ ಬೇಕಾದ ಪೋಷಕಾಂಶವೇ ಹೌದು, ಆದರೆ ತೀರ ಅಲ್ಪ ಪ್ರಮಾಣದಲ್ಲಿ. ಹೆಚ್ಚಾದರೆ ಮೊದಲು ಪೆಟ್ಟು ಬೀಳುವುದು ಎಳೆಯ ಬೇರಿಗೆ. ಬೇರು ಮೊಂಡಾಗಿ ಕವಲೊಡೆಯುವುದಿಲ್ಲ. ಕಬ್ಬಿಣದ ಅಂಶ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ. ಎರೆಹುಳು ಕಡಮೆಯಾಗುತ್ತದೆ. ಬೇರು ತಾಮ್ರವನ್ನು ತನ್ನಲ್ಲೇ ತಡೆದುಕೊಳ್ಳುವುದರಿಂದ ಎಲೆ ಪರೀಕ್ಷೆಯಲ್ಲಿ ಸಮಸ್ಯೆ ತಡವಾಗಿ ಕಾಣಿಸುತ್ತದೆ. ಬೆಳೆದು ನಿಂತ ಮರ ಸುಮ್ಮನಿರಬಹುದು; ಅದೇ ಜಾಗದಲ್ಲಿ ಮಗನು ಹೊಸ ಸಸಿ ಇಟ್ಟಾಗ ಅದು ಏಳದಿದ್ದರೆ ಸಸಿಯನ್ನು ದೂರಿ ಪ್ರಯೋಜನವಿಲ್ಲ.

ಹಾಗಾದರೆ ಒಂದೇ ಪ್ರಮಾಣದ ಲೋಹವಿರುವ ಎರಡು ತೋಟಗಳಲ್ಲಿ ಒಂದು ಕೆಡುವುದು, ಇನ್ನೊಂದು ಚೆನ್ನಾಗಿರುವುದು ಏಕೆ? ಮಣ್ಣಿನಲ್ಲಿ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬಿಡುಗಡೆಯಾಗುತ್ತದೆ ಎಂಬುದು ಮುಖ್ಯ. ಮಲೆನಾಡಿನ ಹುಳಿ ಮಣ್ಣಿನಲ್ಲಿ ರಸಸಾರ 5ರ ಆಸುಪಾಸಿಗೆ ಇಳಿದರೆ ಲೋಹಗಳು ಸಡಿಲಗೊಂಡು ನೀರಿಗೆ ಬರುತ್ತವೆ. ಸುಣ್ಣ ಹಾಕಿ 6ರ ಸಮೀಪಕ್ಕೆ ತಂದರೆ ಹಿಡಿತಕ್ಕೆ ಸಿಗುತ್ತವೆ. (ಬೋರ್ಡೋ ದ್ರಾವಣದಲ್ಲೇ ಸುಣ್ಣವಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದರ ಒಂದು ಪಾಲು ಮೈಲುತುತ್ತಿನ ಹುಳಿಯನ್ನು ಮುರಿಯುವುದಕ್ಕೇ ಮುಗಿಯುತ್ತದೆ.) ಎರಡನೆಯದು ಸೊಪ್ಪು, ಕೊಟ್ಟಿಗೆ ಗೊಬ್ಬರ. ಕೊಳೆತ ಸಾವಯವ ಪದಾರ್ಥ ತಾಮ್ರವನ್ನು ಬಲವಾಗಿ ಬಿಗಿದುಕೊಳ್ಳುತ್ತದೆ. ಸೊಪ್ಪಿನ ಬೆಟ್ಟ ಬರಿದಾದ ಕಡೆ ಹಳೆಯ ತೋಟಗಳಿಗೆ ಈ ರಕ್ಷಣೆ ತಪ್ಪುತ್ತಿದೆ ಎಂಬುದೇ ನಮ್ಮ ಆತಂಕ.

ಬೆಳೆ ಮತ್ತು ತಳಿಯ ಮಾತಿಗೆ ಬಂದರೆ ತಾಮ್ರಕ್ಕಿಂತ ಕ್ಯಾಡ್ಮಿಯಂ ಒಳ್ಳೆಯ ಉದಾಹರಣೆ. ಇದು ಗಿಡಕ್ಕೆ ಬೇಡವಾದ ವಿಷಲೋಹ. ಗಣಿಗನುಸಾರವಾಗಿ ರಂಜಕದ ಗೊಬ್ಬರದಲ್ಲಿ ಹೆಚ್ಚು ಕಡಮೆ ಇರುತ್ತದೆ. ಜಪಾನಿನ ಜಿಂಜೂ ನದಿಯ ಬಯಲಿನಲ್ಲಿ ಗಣಿಯ ನೀರು ಗದ್ದೆಗೆ ಹರಿದು, ಅಲ್ಲಿನ ಅಕ್ಕಿ ಉಂಡವರ ಮೂಳೆಗಳು ಮುರಿಯತೊಡಗಿದುವು. 1968ರಲ್ಲಿ ಅಲ್ಲಿನ ಸರಕಾರ ಕಾರಣವನ್ನು ಒಪ್ಪಿಕೊಂಡಿತು. ನಮ್ಮ ಗದ್ದೆಗಳು ಹಾಗಿವೆ ಎಂದು ಯಾರೂ ಹೆದರಬೇಕಾಗಿಲ್ಲ. ಆದರೆ ಅಲ್ಲಿಂದ ಮುಂದೆ ನಡೆದ ಸಂಶೋಧನೆ ನಮಗೂ ಪಾಠ. ಒಂದೇ ಗದ್ದೆಯಲ್ಲಿ ಬೆಳೆದರೂ ಇಂಡಿಕಾ ಗುಂಪಿನ ಭತ್ತದ ಕೆಲವು ತಳಿಗಳು ಜಪಾನಿನ ಗುಂಪಿನವಕ್ಕಿಂತ ಹೆಚ್ಚು ಕ್ಯಾಡ್ಮಿಯಂ ಕಾಳಿಗೆ ಒಯ್ಯುತ್ತವೆ. ಬೇರಿನ ಜೀವಕೋಶದಲ್ಲಿ ಲೋಹವನ್ನು ಕೂಡಿಹಾಕುವ ಚೀಲದ ಬಾಗಿಲು ಕೆಲಸ ಮಾಡದ ತಳಿಗಳಲ್ಲಿ ಅದು ಮೇಲಕ್ಕೆ ಏರುತ್ತದೆ. ಕೆನಡಾ ದೇಶದಲ್ಲಿ ಗಟ್ಟಿ ಗೋಧಿಯಲ್ಲಿ ಕಡಮೆ ಕ್ಯಾಡ್ಮಿಯಂ ಹೀರುವ ತಳಿಯನ್ನೇ ಆರಿಸಿ ಬೆಳೆಸಿದ್ದಾರೆ. ತೆನೆ ಹಾಲುತುಂಬುವಾಗ ಗದ್ದೆಯ ನೀರು ಬಸಿದರೆ ಕ್ಯಾಡ್ಮಿಯಂ ಹೆಚ್ಚುತ್ತದೆ. ನೀರು ನಿಲ್ಲಿಸಿದರೆ ಅದು ಕಡಮೆಯಾಗಿ ಆರ್ಸೆನಿಕ್ ಹೆಚ್ಚುತ್ತದೆ. ಎರಡೂ ಕೈಗೆ ಸಿಗುವ ಉಪಾಯ ಸುಲಭವಲ್ಲ. ಸತುವಿನ ಕೊರತೆ ಇರುವ ಮಣ್ಣಿನಲ್ಲಿ ಗಿಡ ಸತುವೆಂದು ಕ್ಯಾಡ್ಮಿಯಮನ್ನೇ ಸೆಳೆಯುತ್ತದೆ. ಸೊಪ್ಪು ತರಕಾರಿಗಳು ಕಾಳು, ಹಣ್ಣುಗಳಿಗಿಂತ ಹೆಚ್ಚು ಹೀರುತ್ತವೆ.

ಅಡಿಕೆಯ ನಡುವೆ ಕೋಕೋ ಇಟ್ಟವರಿಗೆ ಇದು ದೂರದ ಮಾತಲ್ಲ. ಯೂರೋಪಿನಲ್ಲಿ 2019ರಿಂದ ಚಾಕೊಲೇಟಿನ ಕ್ಯಾಡ್ಮಿಯಮಿಗೆ ಮಿತಿ ಬಂದಿದೆ. ದಕ್ಷಿಣ ಅಮೆರಿಕದ ಕೆಲವು ಪ್ರದೇಶಗಳ ಬೆಳೆಗಾರರು ಅದರಿಂದ ಇಕ್ಕಟ್ಟಿಗೆ ಸಿಕ್ಕಿದರು.

ಕಾಫಿಯಲ್ಲಿ ತಳಿಯ ಲಾಭ ಬೇರೆ ದಾರಿಯಿಂದ ಬರುತ್ತದೆ. ಎಲೆತುಕ್ಕು ತಡೆಯುವ ತಳಿ ಇದ್ದರೆ ಸಿಂಪಡಣೆಯೇ ಕಡಮೆ, ತಾಮ್ರವೂ ಕಡಮೆ. ರೊಬಸ್ಟಾದವರಿಗೆ ಇದು ಗೊತ್ತಿದೆ. ಕಾವೇರಿ ತಳಿಯ ನಿರೋಧಶಕ್ತಿ ಕಾಲಕ್ರಮೇಣ ಕುಂದಿದ್ದನ್ನು ನೆನಪಿಟ್ಟು, ಒಂದೇ ತಳಿಯನ್ನು ಇಡೀ ತೋಟಕ್ಕೆ ನಂಬಬಾರದು.

ಕೊಳೆಗೆ ಔಷಧಿ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ; ಹಾಗೆ ಮಾಡಿದರೆ ಬೆಳೆಯೇ ಇರದು. ಗೊನೆಗೆ ತಾಗುವಂತೆ ಹೊಡೆಯಿಸಿ, ತೊಟ್ಟಿಕ್ಕಿ ಹರಿಯುವಷ್ಟು ಬೇಡ. ದ್ರಾವಣ ಕದಡುವ ಡ್ರಮ್ಮನ್ನು ಪ್ರತಿವರ್ಷ ಒಂದೇ ಜಾಗದಲ್ಲಿ ಇಡಬೇಡಿ, ಉಳಿದದ್ದನ್ನು ಬಸಿಗಾಲುವೆಗೆ ಸುರಿಯಬೇಡಿ, ಆ ಜಾಗದಲ್ಲಿ ಬಸಳೆ, ಹರಿವೆ ಹಾಕಬೇಡಿ. ಮಣ್ಣು ಪರೀಕ್ಷೆಗೆ ಕಳಿಸುವಾಗ ರಸಸಾರ, ಸಾವಯವ ಇಂಗಾಲದ ಜೊತೆಗೆ ತಾಮ್ರ ಮತ್ತು ಸತುವನ್ನೂ ಕೇಳಿ ಬರೆಸಿ. ಮೇಲಿನ ಅರ್ಧ ಅಡಿಯ ಮಣ್ಣನ್ನು ಎಂಟು ಹತ್ತು ಕಡೆಯಿಂದ ತೆಗೆದು ಪ್ಲಾಸ್ಟಿಕ್ ಬಕೇಟಿನಲ್ಲಿ ಬೆರೆಸಬೇಕು. ಮೈಲುತುತ್ತು ಕರಗಿಸಿದ ಬಕೇಟು ಮಾತ್ರ ಬೇಡ.