ಹಲ್ಲು ತೇಯಿಸಿಕೊಳ್ಳುವ ಮೊದಲು

ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆ ಕೊಳವೆಬಾವಿಯ ನೀರು ಕುಡಿದು ಬೆಳೆದ ಹಲವರ ಮುಂದಿನ ಹಲ್ಲುಗಳಲ್ಲಿ ಕಂದು ಪಟ್ಟೆಗಳೋ ಬಿಳಿ ಮಚ್ಚೆಗಳೋ ಇರುತ್ತವೆ. ಓರಗೆಯವರಿಗೆಲ್ಲ ಹಾಗೇ ಇದ್ದುದರಿಂದ ಊರಿನಲ್ಲಿ ಯಾರೂ ಅದನ್ನು ಎತ್ತಿ ಆಡಿರುವುದಿಲ್ಲ. ಅಮೆರಿಕಕ್ಕೆ ಬಂದು ದಿನವೂ ವಿಡಿಯೊ ಮೀಟಿಂಗಿನಲ್ಲಿ ತಮ್ಮ ಮುಖ ತಾವೇ ನೋಡಿಕೊಳ್ಳುವಾಗ ಅದು ಕಾಡತೊಡಗುತ್ತದೆ. ನಗುವಾಗ ಕೈ ಬಾಯಿಗೆ ಅಡ್ಡ ಬರುತ್ತದೆ. ಡೆಂಟಿಸ್ಟ್ ಬಳಿ ಹೋದರೆ ಆರೋ ಎಂಟೋ ವಿನಿಯರ್‌ಗಳ ಖರ್ಚಿನ ಅಂದಾಜುಪಟ್ಟಿ ಕೈಗೆ ಬರುವುದುಂಟು. ಅದಕ್ಕೆ ಸಹಿ ಹಾಕುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಆ ಕಲೆ ಹುಳುಕಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದರೆ ಮೇಲಿನ ಎನಾಮಲ್ ಪದರ ಸರಿಯಾಗಿ ಬಲಿಯುವುದಿಲ್ಲ. ಇದೇ ಡೆಂಟಲ್ ಫ್ಲೋರೋಸಿಸ್. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಇದು ಅಮೆರಿಕಕ್ಕೂ ಹೊಸದಲ್ಲ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ಡೆಂಟಿಸ್ಟ್ ಕೊಲರಾಡೊ ಸ್ಪ್ರಿಂಗ್ಸ್‌ಗೆ ಹೋದಾಗ ಅಲ್ಲೇ ಹುಟ್ಟಿ ಬೆಳೆದ ಬಹಳ ಜನರ ಹಲ್ಲು ಕಂದಾಗಿರುವುದನ್ನು ಕಂಡರು. ನೀರಿನ ಫ್ಲೋರೈಡೇ ಕಾರಣವೆಂದು ಗೊತ್ತಾಗಲು 1931 ಬರಬೇಕಾಯಿತು. ಇಂಥ ಹಲ್ಲುಗಳಿಗೆ ಹುಳುಕು ಹಿಡಿಯುವುದು ಕಡಿಮೆ ಎಂಬುದನ್ನೂ ಮೆಕೇ ಗಮನಿಸಿದ್ದರು. ಆದ್ದರಿಂದ ನಿಮ್ಮ ಬಾಲ್ಯದ ಊರು, ಅಲ್ಲಿನ ನೀರು ಎಂಥದ್ದು ಎಂಬುದನ್ನು ಡೆಂಟಿಸ್ಟರಿಗೆ ಸಂಕೋಚವಿಲ್ಲದೆ ಹೇಳಿ. (ನಲ್ಲಿ ನೀರು ಕುಡಿದರೆ ಮಕ್ಕಳಿಗೂ ಹೀಗಾದೀತೇ ಎಂದು ತಾಯಂದಿರು ಕೇಳುತ್ತಾರೆ. ಇಲ್ಲಿ ನೀರಿಗೆ ಫ್ಲೋರೈಡ್ ಬೆರೆಸುವ ಊರುಗಳಿಗೆ ಶಿಫಾರಸು ಮಾಡಿರುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ ಮಾತ್ರ.)

ಕಲೆ ಹಗುರವಾಗಿದ್ದರೆ ಮೊದಲು ಬ್ಲೀಚಿಂಗ್ ಮಾಡಿ ನೋಡಬಹುದು. ಮೇಲುಮೇಲಿನ ಕಂದು ಬಣ್ಣವನ್ನು ಆಮ್ಲ ಬೆರೆಸಿದ ಪೇಸ್ಟಿನಿಂದ ಸಣ್ಣಗೆ ಉಜ್ಜಿ ತೆಗೆಯುವ ಮೈಕ್ರೋಅಬ್ರೇಶನ್ ಇದೆ. ಬಿಳಿ ಮಚ್ಚೆಯೊಳಗೆ ತೆಳು ರೆಸಿನ್ ಇಂಗಿಸಿ ಅದು ಎದ್ದು ಕಾಣದಂತೆ ಮಾಡುವ ವಿಧಾನವೂ ಇದೆ. ಹಲ್ಲಿನ ಬಣ್ಣದ ಕಾಂಪೋಸಿಟ್ ಹಚ್ಚುವುದು ಇನ್ನೊಂದು. ಇವುಗಳಲ್ಲಿ ಹಲ್ಲನ್ನು ತೇಯುವುದು ಅತ್ಯಲ್ಪ, ಕೆಲವದರಲ್ಲಿ ಇಲ್ಲವೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಇವು ಸಾಲದಾದಾಗ ಮಾತ್ರ ವಿನಿಯರ್ ಮಾತಿಗೆ ಬರಬೇಕು. ಬ್ಲೀಚಿಂಗನ್ನು ಮೊದಲೇ ಮುಗಿಸಿ ಸುಮಾರು ಎರಡು ವಾರ ಬಿಡುವುದಕ್ಕೂ ಕಾರಣವಿದೆ: ವಿನಿಯರಿನ ಪಿಂಗಾಣಿಯ ಬಣ್ಣ ಆಮೇಲೆ ಬ್ಲೀಚಿಗೆ ಬದಲಾಗುವುದಿಲ್ಲ. ಹಲ್ಲಿನ ಬಣ್ಣ ನೆಲೆನಿಂತ ಮೇಲೆ ಅದಕ್ಕೆ ಹೊಂದುವ ಶೇಡ್ ಆರಿಸಬೇಕು.

ವಿನಿಯರ್ ಎಂದರೆ ಹಲ್ಲಿನ ಮುಂಬದಿಗೆ ಅಂಟಿಸುವ ತೆಳು ಪಿಂಗಾಣಿ ಹಾಳೆ. 1928ರಲ್ಲಿ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಸಿನಿಮಾ ನಟರಿಗೆಂದು ಇಂಥದ್ದನ್ನು ಮೊದಲು ಮಾಡಿದರು. ಆಗ ಅದು ಚಿತ್ರೀಕರಣ ಮುಗಿಯುವವರೆಗೆ ನಿಂತರೆ ಸಾಕಾಗಿತ್ತು. 1955ರಲ್ಲಿ ಮೈಕೆಲ್ ಬ್ಯೂನಕೋರ್ ಎನಾಮಲನ್ನು ಆಮ್ಲದಿಂದ ತುಸು ಒರಟು ಮಾಡಿದರೆ ರೆಸಿನ್ ಭದ್ರವಾಗಿ ಹಿಡಿಯುತ್ತದೆಂದು ತೋರಿಸಿದರು. ಇಂದಿನ ವಿನಿಯರ್ ನಿಂತಿರುವುದು ಅದೇ ಹಿಡಿತದ ಮೇಲೆ. ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು ಎನಾಮಲ್ ತೇಯುತ್ತಾರೆ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ವಿನಿಯರ್ ಹತ್ತು ಹದಿನೈದು ವರ್ಷ ಬಾಳಿ ಬಿರುಕು ಬಿಟ್ಟರೆ ಅಲ್ಲಿ ಇನ್ನೊಂದನ್ನು ಕೂರಿಸಲೇಬೇಕು. ಮೂವತ್ತರ ವಯಸ್ಸಿನಲ್ಲಿ ಹಾಕಿಸಿಕೊಂಡವರು ಆ ಖರ್ಚನ್ನು ಎರಡು ಮೂರು ಸಲ ಹೊರಬೇಕಾಗಬಹುದು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಮೊದಲೇ ಹೇಳಿ. ರಾತ್ರಿ ನೈಟ್ ಗಾರ್ಡ್ ಹಾಕಿಕೊಳ್ಳದೆ ವಿನಿಯರ್ ಉಳಿಯುವುದು ಕಷ್ಟ.

ಹಲ್ಲಿಗೆ ಹಾಕುವ ಇನ್ನೊಂದು ಹೊದಿಕೆ ಕ್ರೌನ್. ಊರಿನಲ್ಲಿ ನಾವು ಕ್ಯಾಪ್ ಎನ್ನುವುದು ಇದನ್ನೇ. ಅದು ಹಲ್ಲಿನ ಸುತ್ತಲೂ ಟೋಪಿಯಂತೆ ಕೂರುವುದರಿಂದ ಎಲ್ಲ ಬದಿಯಲ್ಲೂ ಸುಮಾರು ಒಂದರಿಂದ ಎರಡು ಮಿಲಿಮೀಟರ್ ತೇಯಬೇಕಾಗುತ್ತದೆ. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ, ಸೀಳಿದ ಹಲ್ಲಿಗೆ, ಅರ್ಧಕ್ಕಿಂತ ಹೆಚ್ಚು ಫಿಲ್ಲಿಂಗೇ ತುಂಬಿರುವ ಹಲ್ಲಿಗೆ ಇದು ನಿಜವಾಗಿ ಬೇಕು. ಹಾಕಿಸದೆ ಬಿಟ್ಟರೆ ಒಂದು ದಿನ ಚಕ್ಕುಲಿ ಕಡಿಯುವಾಗ ಹಲ್ಲು ಒಡೆದು ಕಿತ್ತೇ ಹಾಕಬೇಕಾದೀತು. ಗಟ್ಟಿಮುಟ್ಟಾದ ಹಲ್ಲಿಗೆ ಬಣ್ಣ ಚೆನ್ನಾಗಿಲ್ಲವೆಂದು ಕ್ರೌನ್ ಹಾಕಿಸುವುದು ಮಾತ್ರ ಬೇಡ. ಅಷ್ಟು ತೇಯ್ದಾಗ ಒಳಗಿನ ನರಕ್ಕೆ ಪೆಟ್ಟಾಗಿ ಕೆಲವರಿಗೆ ಮುಂದೆ ರೂಟ್ ಕೆನಾಲ್ ಬೇಕಾಗುತ್ತದೆ. ವಿನಿಯರ್ ಎಂಬ ಹೆಸರಿನಲ್ಲಿ ಸುತ್ತಲೂ ತೇಯ್ದು ಕ್ರೌನ್ ಕೂರಿಸುವವರಿದ್ದಾರೆ. ಆದ್ದರಿಂದ "ಹಲ್ಲಿನ ಹಿಂಬದಿಯನ್ನೂ ತೇಯುತ್ತೀರಾ?" ಎಂದು ನೇರವಾಗಿ ಕೇಳಿ. ಸೋಷಿಯಲ್ ಮೀಡಿಯಾದಲ್ಲಿ 'ವಿನಿಯರ್ ಟೆಕ್' ಎಂದು ಹೇಳಿಕೊಂಡು ಅಗ್ಗದ ದರ ತೋರಿಸುವವರ ಹತ್ತಿರ ಹೋಗಲೇಬೇಡಿ. ಚಿಕಿತ್ಸೆ ಮಾಡುವವರಿಗೆ ಲೈಸೆನ್ಸ್ ಇದೆಯೇ ಎಂಬುದನ್ನು ನಿಮ್ಮ ರಾಜ್ಯದ ಡೆಂಟಲ್ ಬೋರ್ಡಿನ ವೆಬ್‌ಸೈಟಿನಲ್ಲಿ ನೋಡಬಹುದು.

ಇನ್ನು ದುಡ್ಡಿನ ಮಾತು. ಇಲ್ಲಿ ಹಲ್ಲಿನ ವಿಮೆ ಸಾಮಾನ್ಯವಾಗಿ ಆರೋಗ್ಯ ವಿಮೆಯಿಂದ ಬೇರೆ. ಬಹಳಷ್ಟು ಪ್ಲಾನ್‌ಗಳು ಕ್ಲೀನಿಂಗಿಗೆ ಪೂರ್ತಿ, ಫಿಲ್ಲಿಂಗಿಗೆ ಶೇ. 80, ಕ್ರೌನಿಗೆ ಶೇ. 50 ಕೊಡುತ್ತವೆ. ಆದರೆ ವರ್ಷಕ್ಕೆ ಒಟ್ಟು ಇಷ್ಟೇ ಎಂಬ ಮಿತಿ ಇರುತ್ತದೆ. ಅದು ಹೆಚ್ಚಾಗಿ 1,000ದಿಂದ 2,000 ಡಾಲರ್. ಒಂದು ಕ್ರೌನಿಗೇ 1,000ದಿಂದ 2,000 ಡಾಲರ್ ಆಗುವಾಗ ರೂಟ್ ಕೆನಾಲ್, ಕ್ರೌನ್ ಎರಡೂ ಒಂದೇ ವರ್ಷ ಬಂದರೆ ಮಿತಿ ಮುಗಿದೇ ಹೋಗುತ್ತದೆ. ಹೊಸದಾಗಿ ಪ್ಲಾನ್ ತೆಗೆದುಕೊಂಡವರಿಗೆ ಕ್ರೌನಿನಂಥ ದೊಡ್ಡ ಕೆಲಸಕ್ಕೆ ಆರು ತಿಂಗಳೋ ಒಂದು ವರ್ಷವೋ ಕಾಯುವ ಅವಧಿ ಇರಬಹುದು. ಅಂದಕ್ಕಾಗಿ ಮಾಡಿಸುವ ವಿನಿಯರಿಗೆ ಸಾಮಾನ್ಯವಾಗಿ ವಿಮೆ ಏನೂ ಕೊಡುವುದಿಲ್ಲ, ಆಫೀಸಿನ ಮೂಲಕ ಚಿಕಿತ್ಸೆಗೆಂದು ಸಂಬಳದಿಂದ ತೆರಿಗೆಗೆ ಮೊದಲೇ ತೆಗೆದಿಡುವ ಎಫ್‌ಎಸ್‌ಎ ಹಣವನ್ನೂ ಅದಕ್ಕೆ ಬಳಸುವಂತಿಲ್ಲ. ಕೆಲಸ ಶುರುವಾಗುವ ಮೊದಲೇ ಡೆಂಟಿಸ್ಟ್ ವಿಮೆ ಕಂಪನಿಗೆ ಬರೆದು 'ಪ್ರೀ-ಟ್ರೀಟ್‌ಮೆಂಟ್ ಎಸ್ಟಿಮೇಟ್' ತರಿಸಿಕೊಡಬಲ್ಲರು. ಇದನ್ನು ತಪ್ಪದೆ ಕೇಳಿ. ಬಿಡುವಿದ್ದವರು ಯೂನಿವರ್ಸಿಟಿಯ ಡೆಂಟಲ್ ಸ್ಕೂಲಿಗೂ ಹೋಗಬಹುದು. ನ್ಯೂಯಾರ್ಕಿನ ಎನ್‌ವೈಯು, ಆ್ಯನ್ ಆರ್ಬರಿನ ಮಿಷಿಗನ್ ಯೂನಿವರ್ಸಿಟಿ ಮುಂತಾದೆಡೆ ಪ್ರಾಧ್ಯಾಪಕರ ಕಣ್ಣೆದುರೇ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ಫೀಸು ಕಡಿಮೆ, ಸಮಯ ಹೆಚ್ಚು.

ಊರಿಗೆ ಹೋದಾಗ ಮಾಡಿಸಿಕೊಂಡು ಬರುತ್ತೇವೆ ಎನ್ನುವವರಿಗೆ ನನ್ನದೇನೂ ಅಡ್ಡಿಯಿಲ್ಲ. ಖರ್ಚು ಬಹಳ ಕಡಿಮೆ, ನುರಿತ ಡೆಂಟಿಸ್ಟರೂ ಇದ್ದಾರೆ. ಆದರೆ ಮದುವೆ, ನೆಂಟರ ಮನೆ ಎಲ್ಲ ಮುಗಿಸಿ ಕೊನೆಯ ವಾರಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಅಳತೆ ಕೊಟ್ಟು ಲ್ಯಾಬಿನಿಂದ ಕ್ಯಾಪ್ ಬರಲು ದಿನಗಳು ಹಿಡಿಯುತ್ತವೆ. ಕೂರಿಸಿದ ಮೇಲೆ ಒಂದೆರಡು ವಾರ ಊಟ ಮಾಡಿ, ಎತ್ತರವಾಯಿತು ಅನ್ನಿಸಿದರೆ ಮತ್ತೆ ಹೋಗಿ ಸರಿಮಾಡಿಸಿಕೊಳ್ಳಲು ಬಿಡುವಿರಬೇಕು. ಹೊರಡುವಾಗ ಎಕ್ಸ್‌ರೇ, ಜಿರ್ಕೋನಿಯಾ ಕ್ಯಾಪ್ ಆದರೆ ಅದರ ವಾರಂಟಿ ಕಾರ್ಡ್, ಯಾವ ಹಲ್ಲಿಗೆ ಏನು ಹಾಕಿದ್ದಾರೆ, ಶೇಡ್ ಎ1 ಅಥವಾ ಎ2 ಎಂಬ ವಿವರ ಬರೆದ ಚೀಟಿ ತೆಗೆದುಕೊಳ್ಳಿ, ಎಲ್ಲದರ ಫೋಟೊ ಫೋನಿನಲ್ಲಿಡಿ. ನಾಳೆ ಇಲ್ಲಿ ಪಕ್ಕದ ಹಲ್ಲಿಗೆ ಹೊಂದುವ ಕ್ರೌನ್ ಬೇಕಾದಾಗ ಡೆಂಟಿಸ್ಟ್ ಮೊದಲು ಕೇಳುವುದು ಅದನ್ನೇ.